ಹೊಗೆಗೂ ಒಂದು ಲೆಕ್ಕ

ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಚಿಮಣಿಯಿಂದ ಎಷ್ಟು ಮಾಲಿನ್ಯ ಹೊರಬಿತ್ತು? ಇದನ್ನು ಅಳೆಯಲು ನೂರು ವರ್ಷಗಳ ಹಿಂದೆ ಇದ್ದ ಸಾಧನಗಳು ಎರಡೇ: ಒಂದು ಹಾಳೆ ಕಾಗದ, ಮನುಷ್ಯನ ಕಣ್ಣು.

19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಪ್ರಾಧ್ಯಾಪಕ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಒಂದು ಪಟ ರೂಪಿಸಿದರು. ಬಿಳಿ ಕಾಗದದ ಮೇಲೆ ಕಪ್ಪು ಗೆರೆಗಳ ಜಾಲ. ಒಂದನೇ ಸಂಖ್ಯೆ ಎಂದರೆ ಶೇ 20ರಷ್ಟು ಕಪ್ಪು; ಐದನೆಯದು ಪೂರ್ಣ ಕಪ್ಪು. ಇದನ್ನು ದೂರದಲ್ಲಿ ನಿಲ್ಲಿಸಿ, ಚಿಮಣಿಯ ಹೊಗೆ ಯಾವ ಸಂಖ್ಯೆಗೆ ಹೋಲುತ್ತದೆಂದು ಅಧಿಕಾರಿ ಬರೆದುಕೊಳ್ಳುತ್ತಿದ್ದ. ಬ್ರಿಟನ್ನಿನ 1956ರ ಶುದ್ಧ ವಾಯು ಕಾಯ್ದೆಯೂ ‘ಕಪ್ಪು ಹೊಗೆ’ಯನ್ನು ಇದೇ ಪಟದಿಂದ ಗುರುತಿಸಿತು.

ಆದರೆ ಕಲ್ಲಿದ್ದಲಿನಿಂದ ಬರುವ ಗಂಧಕದ ಡೈಆಕ್ಸೈಡ್‌ಗೆ ಬಣ್ಣವಿಲ್ಲ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೊಗೆಮಂಜಿಗೆ ಸುಮಾರು 4,000 ಜನ ಬಲಿಯಾದರೆಂದು ಆಗ ಅಂದಾಜಿಸಲಾಯಿತು. ಆ ಮಂಜಿನಲ್ಲಿ ಕಣ್ಣಿಗೆ ಕಾಣದ ಈ ಅನಿಲವೂ ಇತ್ತು. ಮುಂದೆ ಚಿಮಣಿಗಳನ್ನು ಎತ್ತರಿಸಲಾಯಿತು. ಊರಿನ ಗಾಳಿ ತಿಳಿಯಾಯಿತು. ಅನಿಲ ಮಾತ್ರ ಗಡಿ ದಾಟಿತು. ಸ್ವೀಡನ್ನಿನ ಕೆರೆಗಳು ಆಮ್ಲೀಯವಾಗುತ್ತಿರುವುದಕ್ಕೆ ಪರದೇಶದ ಗಂಧಕವೂ ಕಾರಣವೆಂದು 1967ರಲ್ಲಿ ವಿಜ್ಞಾನಿ ಸ್ವಾಂಟೆ ಓಡೆನ್ ಎಚ್ಚರಿಸಿದರು.

ಅಮೆರಿಕದ 1990ರ ಕಾಯ್ದೆ ಲೆಕ್ಕದ ರೀತಿಯನ್ನೇ ಬದಲಿಸಿತು. ಒಂದು ಟನ್ ಅನಿಲ ಬಿಡಲು ಒಂದು ಪರವಾನಗಿ, ಉಳಿದದ್ದನ್ನು ಮಾರಬಹುದು. ಚಿಮಣಿಯಲ್ಲೇ ಅಳವಡಿಸಿದ ಉಪಕರಣ ಗಂಟೆಗಂಟೆಗೆ ಅಂಕಿ ದಾಖಲಿಸಬೇಕು. ಉಪಕರಣ ಕೆಟ್ಟು ಬಹುಕಾಲ ನಿಂತರೆ, ಆ ಗಂಟೆಗಳಿಗೆ ಹೆಚ್ಚಿನ ಅಂಕಿಯನ್ನೇ ಹಿಡಿಯುವ ನಿಯಮ. ಹೀಗಾಗಿ ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನಿಗೇ ಲಾಭ. 2010ರ ವೇಳೆಗೆ ಅಲ್ಲಿನ ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್ 1990ರ ಅರ್ಧಕ್ಕಿಂತ ಕೆಳಗಿಳಿದಿತ್ತು.

ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ವಿದ್ಯುತ್ ನೀಡತೊಡಗಿದ್ದು 1985ರಲ್ಲಿ. ಆದರೆ ಭಾರತದ ಕಲ್ಲಿದ್ದಲು ಸ್ಥಾವರಗಳು ಹೊರಬಿಡುವ ಈ ಅನಿಲಕ್ಕೆ ಮಿತಿ ಗೊತ್ತುಮಾಡಿದ್ದು 2015ರ ಡಿಸೆಂಬರ್‌ನಲ್ಲಿ. ಗಡುವು ಹಲವು ಸಲ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಈ ಮಿತಿಯಿಂದ ವಿನಾಯಿತಿ ದೊರೆಯಿತು. ಚಿಮಣಿ ನಿಗದಿತ ಎತ್ತರ ಇರಬೇಕೆಂಬುದು ಷರತ್ತು.

ಎತ್ತರದ ಚಿಮಣಿ ಹೊಗೆಯನ್ನು ದೂರ ಸಾಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಸ್ವೀಡನ್ನಿನ ಕೆರೆಗಳು ಕಲಿಸಿದ ಪಾಠ ಇದು. ಅಳೆಯುವ ಉಪಕರಣ ಎಷ್ಟೇ ನಿಖರವಾಗಿರಲಿ, ಮೀರಬಾರದ ಮಿತಿಯೊಂದು ಇದ್ದಾಗ ಮಾತ್ರ ಅದರ ಅಂಕಿಗೆ ಬೆಲೆ.