ಡಾಂಬರಿನಿಂದ ಗುರುಗ್ರಹದವರೆಗೆ

ಈಸ್ಟ್ ಹ್ಯಾಮ್ ಎಂದೊಡನೆ ನಮ್ಮ ಬಳಗದವರಿಗೆ ನೆನಪಾಗುವುದು ಮಸಾಲೆದೋಸೆ, ಕರಿಬೇವು, ಮುರುಗನ್ ದೇವಸ್ಥಾನ. ಅಲ್ಲಿಂದ ದಕ್ಷಿಣಕ್ಕೆ, ಥೇಮ್ಸ್ ದಂಡೆಯ ಬೆಕ್ಟನ್ನಿನಲ್ಲಿ, ಸುಮಾರು ನೂರು ವರ್ಷ ಕಲ್ಲಿದ್ದಲು ಬೆಂದ ಕಥೆ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ.

1870ರಲ್ಲಿ ಇಲ್ಲಿ ಗ್ಯಾಸ್ ಕಾರ್ಖಾನೆ ಶುರುವಾಯಿತು. ಗಾಳಿಯಾಡದ ಕುಲುಮೆಗಳಲ್ಲಿ ಕಲ್ಲಿದ್ದಲನ್ನು ಕಾಯಿಸಿ, ಹೊರಬಂದ ಅನಿಲದಿಂದ ಲಂಡನ್ನಿನ ದೀಪ ಉರಿಸುತ್ತಿದ್ದರು. ಉಳಿಯುತ್ತಿದ್ದದ್ದು ಕೋಕ್ ಮತ್ತು ಗಬ್ಬುನಾರುವ ಡಾಂಬರು. ಆ ಡಾಂಬರನ್ನು ಭಟ್ಟಿ ಇಳಿಸಲು 1879ರಲ್ಲಿ ಪಕ್ಕದಲ್ಲೇ ಇನ್ನೊಂದು ಕಾರ್ಖಾನೆ ಬಂತು; 1970ರ ತನಕ ನಡೆಯಿತು. ಕಲ್ಲಿದ್ದಲ ಡಾಂಬರಿನಿಂದ ಸಿಗುವ ವಸ್ತುಗಳಲ್ಲಿ ಒಂದು ಫೀನಾಲ್.

1907ರಲ್ಲಿ ಅಮೆರಿಕದಲ್ಲಿ ಲಿಯೋ ಬೇಕ್‌ಲ್ಯಾಂಡ್ ಫೀನಾಲಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ಬೇಕಲೈಟ್ ತಯಾರಿಸಿದ. ಊರಮನೆಯ ಹಳೇ ಕರಿ ಸ್ವಿಚ್ಚು, ಕುಕ್ಕರಿನ ಹಿಡಿ ಇದರವೇ. ಇದೇ ಜಾತಿಯ ಅಂಟಿನಲ್ಲಿ ಕಾರ್ಬನ್ ನೂಲಿನ ಬಟ್ಟೆಯನ್ನು ಅದ್ದಿ ಗಟ್ಟಿಮಾಡಿದರೆ, ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟಿದಂತೆ, ಎರಡೂ ಸೇರಿ ಬಾಹ್ಯಾಕಾಶ ನೌಕೆಯ ಕವಚವಾಗುತ್ತದೆ. ಬೆಂಕಿಗೆ ಇದು ಕರಗಿ ಸೋರುವುದಿಲ್ಲ, ಕೆಂಡದಲ್ಲಿಟ್ಟ ಗೆಣಸಿನ ಸಿಪ್ಪೆಯಂತೆ ಕರಕಲಾಗುತ್ತದೆ. ಹೊರಡುವ ಅನಿಲ ಬಿಸಿಯನ್ನು ಹೊತ್ತೊಯ್ಯುತ್ತದೆ. ಕರಕಲು ಪದರ ಒಳಗಿನ ಉಪಕರಣಗಳನ್ನು ಕಾಯುತ್ತದೆ.

1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕ ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಗುರುಗ್ರಹದ ವಾತಾವರಣಕ್ಕೆ ನುಗ್ಗಿತು. ಕವಚದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋಯಿತು. ಉಪಕರಣಗಳು ಮಾತ್ರ ಉಳಿದು, ಸುಮಾರು ಒಂದು ಗಂಟೆ ಕಾಲ ಸುದ್ದಿ ಕಳಿಸಿದವು. ನಮ್ಮ ಇಸ್ರೋದ ಎಸ್‌ಆರ್‌ಇ-1 ಕೋಶ 12 ದಿನ ಭೂಮಿಯನ್ನು ಸುತ್ತಿ, 2007ರ ಜನವರಿ 22ರಂದು ಬಂಗಾಳಕೊಲ್ಲಿಗೆ ಇಳಿದಾಗ ಅದರ ಮೂತಿಗಿದ್ದದ್ದೂ ಕಾರ್ಬನ್-ಫಿನಾಲಿಕ್ ಕವಚವೇ.

ಬೆಕ್ಟನ್ನಿನ ಡಾಂಬರೇ ಗುರುಗ್ರಹಕ್ಕೆ ಹೋಯಿತೆಂದಲ್ಲ. ಈಗ ಫೀನಾಲ್ ಬಹುಮಟ್ಟಿಗೆ ಪೆಟ್ರೋಲಿಯಮ್ಮಿನಿಂದ ಬರುತ್ತದೆ. ಆದರೂ ಕುಲ ಒಂದೇ, ಮತ್ತು ಆ ಕುಲದ ಮೊದಲ ಬೆಂಕಿಯನ್ನು ಕಾಯ್ದವರು ಇಂಥ ಕುಲುಮೆಗಳ ಕೂಲಿಗಳು.

ಅವರಿಗೆ ಮಾತ್ರ ಯಾವ ಕವಚವೂ ಇರಲಿಲ್ಲ. ಹೊತ್ತಿ ಉರಿಯುವ ಬಾಯಿಗೆ ಕಲ್ಲಿದ್ದಲು ತುಂಬುತ್ತ 12 ಗಂಟೆಗಳ ಪಾಳಿ. 1889ರಲ್ಲಿ ಬೆಕ್ಟನ್ನಿನ ಕೆಲಸಗಾರ ವಿಲ್ ಥಾರ್ನ್ ಮುಂದೆ ನಿಂತು ಸಂಘ ಕಟ್ಟಿದ. ಅವನ ಓದುಬರಹ ತಿದ್ದಲು ನೆರವಾದವಳು ಕಾರ್ಲ್ ಮಾರ್ಕ್ಸ್‌ನ ಮಗಳು ಎಲಿನೋರ್. ಅದೇ ವರ್ಷ ಪಾಳಿ 8 ಗಂಟೆಗೆ ಇಳಿಯಿತು.

ಕಾರ್ಖಾನೆಯ ಕಸ ಬೆಳೆದು ನಿಂತ ಗುಡ್ಡ, ಜನ ತಮಾಷೆಗೆ ‘ಬೆಕ್ಟನ್ ಆಲ್ಪ್ಸ್’ ಎಂದದ್ದು, ಎ13 ರಸ್ತೆಯ ಪಕ್ಕ ಇಂದಿಗೂ ಇದೆ. ಆ ದಾರಿಯಲ್ಲಿ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ.