ಗಂಡಸಿನ ಕಾಯಿಲೆ, ಮನೆಯವರ ಮೌನ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಮನಸ್ಸಿನ ಆರೈಕೆಯ ಇತಿಹಾಸ

ಚಿತ್ರದುರ್ಗ, ಕಿರುಬನಕಲ್ಲು ಮತ್ತು ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಿನ ಚಂದ್ರವಳ್ಳಿಯ ಕಣಿವೆಯಲ್ಲಿ ಕದಂಬ ಮಯೂರಶರ್ಮನು ನಾಲ್ಕನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಅಲ್ಲಿನ ಬಂಡೆಶಾಸನ ಇಂದಿಗೂ ಹೇಳುತ್ತದೆ. ಕೆರೆ ಕಟ್ಟಿಸಿದವನನ್ನೂ ದತ್ತಿ ಬಿಟ್ಟವನನ್ನೂ ತುರುಗಾಳಗದಲ್ಲಿ ಮಡಿದವನನ್ನೂ ಈ ನಾಡಿನ ಕಲ್ಲುಗಳು ಧಾರಾಳವಾಗಿ ನೆನೆದಿವೆ. ಮುಪ್ಪಿನಲ್ಲಿ ಮೂತ್ರ ಕಟ್ಟಿ ನರಳಿದ ಗಂಡಸಿನ ಸಂಕಟವನ್ನು ಮಾತ್ರ ಯಾವ ಕಲ್ಲೂ ದಾಖಲಿಸಿಲ್ಲ, ಏಕೆಂದರೆ ಆ ಸಂಕಟವನ್ನು ಬಾಯಿಬಿಟ್ಟು ಹೇಳುವುದೇ ಗಂಡಸಿಗೆ ತಕ್ಕುದಲ್ಲವೆಂಬ ಭಾವನೆ ಶಾಸನಗಳಿಗಿಂತಲೂ ಆಳವಾಗಿ ಬೇರೂರಿತ್ತು.

ಪ್ರಾಸ್ಟೇಟ್ ಎಂಬುದು ಗಂಡಸಿನ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯ, ಕೆಲವರಲ್ಲಿ ಅಲ್ಲಿಯೇ ಕ್ಯಾನ್ಸರ್ ಹುಟ್ಟುತ್ತದೆ. ಮೂತ್ರಕೋಶಕ್ಕೂ ಗುದಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ ಬೆಳೆದು ಮೂತ್ರವನ್ನು ತಡೆಯುವ ವಾತಾಷ್ಠೀಲಾ ಎಂಬ ವ್ಯಾಧಿಯನ್ನು ಸುಶ್ರುತ ಸಂಹಿತೆ ವರ್ಣಿಸಿದೆಯಾದರೂ ಅದು ಸಾಧಾರಣ ಊತವೋ ಕ್ಯಾನ್ಸರೋ ಎಂದು ಬೇರ್ಪಡಿಸಲು ಸೂಕ್ಷ್ಮದರ್ಶಕದ ಕಾಲ ಬರಬೇಕಾಯಿತು. 1853ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಆಡಮ್ಸ್ ಸೂಕ್ಷ್ಮದರ್ಶಕದಡಿ ಈ ಕ್ಯಾನ್ಸರನ್ನು ಗುರುತಿಸಿದಾಗ ಅದನ್ನು ಬಲು ಅಪರೂಪದ ಕಾಯಿಲೆ ಎಂದೇ ಬಗೆದರು. ಇಂದು ಅದು ಗಂಡಸರಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರುಗಳಲ್ಲಿ ಒಂದು.

ಈ ರೋಗದ ಮಾತು ಕಿವಿಗೆ ಬಿದ್ದೊಡನೆ ಎದೆ ಒಡೆದಂತಾಗುವುದಕ್ಕೆ ಅದರ ಚಿಕಿತ್ಸೆಯ ಚರಿತ್ರೆಯೇ ಅರ್ಧ ಕಾರಣ. 1941ರಲ್ಲಿ ಚಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ಅವರು ವೃಷಣಗಳನ್ನು ತೆಗೆದು ಗಂಡು ಹಾರ್ಮೋನನ್ನು ತಗ್ಗಿಸಿದರೆ ಹರಡಿದ ರೋಗವೂ ಹಿಂಜರಿಯುತ್ತದೆಂದು ತೋರಿಸಿದರು. ಈ ಶೋಧಕ್ಕೆ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಮೂಳೆಯ ನೋವಿನಿಂದ ಮಲಗಿದ್ದವರು ಎದ್ದು ಓಡಾಡುವಂತಾದರು, ಆದರೆ ಅದಕ್ಕೆ ತೆತ್ತ ಬೆಲೆಯ ಬಗ್ಗೆ, ಅಂದರೆ ಕುಂದಿದ ಗಂಡಸ್ತನ, ಮೈಯ ಬಿಸಿಯೇರಿಕೆ ಮತ್ತು ಮಂಕಾದ ಮನಸ್ಸಿನ ಬಗ್ಗೆ, ವೈದ್ಯರೂ ಕೇಳಲಿಲ್ಲ, ರೋಗಿಯೂ ಹೆಂಡತಿಯೆದುರು ಕೂಡ ಹೇಳಿಕೊಳ್ಳಲಿಲ್ಲ. ಈ ಮೌನವು ಕಾಯಿಲೆಯಷ್ಟೇ ಜನರನ್ನು ಹಣ್ಣುಮಾಡಿತೆಂದರೆ ಅತಿಶಯವಲ್ಲ.

ರೋಗದ ಹೆಸರನ್ನೇ ರೋಗಿಗೆ ಹೇಳದಿರುವುದು ಭಾರತದ ಪದ್ಧತಿ ಮಾತ್ರವಾಗಿರಲಿಲ್ಲ. 1961ರಲ್ಲಿ ಡೊನಾಲ್ಡ್ ಓಕನ್ ಅವರು ಚಿಕಾಗೋದ ಆಸ್ಪತ್ರೆಯೊಂದರಲ್ಲಿ ವಿಚಾರಿಸಿದಾಗ ಸುಮಾರು ಶೇ 90ರಷ್ಟು ವೈದ್ಯರು ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಲೇಸೆಂದರು. 1979ರಲ್ಲಿ ಪ್ರಕಟವಾದ ಅಂಥದೇ ಮತ್ತೊಂದು ಸಮೀಕ್ಷೆಯಲ್ಲಿ ಹೇಳಬೇಕೆಂದವರು ಸುಮಾರು ಶೇ 97. ಅಮೆರಿಕದಲ್ಲಿ ಎರಡು ದಶಕದೊಳಗೆ ತಲೆಕೆಳಗಾದ ಈ ಪದ್ಧತಿ ಕರ್ನಾಟಕದಲ್ಲಿ ಇನ್ನೂ ಪೂರ್ತಿ ಸಡಿಲಗೊಂಡಿಲ್ಲ, ಏಕೆಂದರೆ ಇಲ್ಲಿ ಮರೆಮಾಚುವವರು ಬಹುತೇಕ ಮನೆಯವರೇ. ಬಯಾಪ್ಸಿ, ಅಂದರೆ ಗ್ರಂಥಿಯ ತುಣುಕನ್ನು ತೆಗೆದು ಪರೀಕ್ಷಿಸುವ ಕ್ರಮ, ಮುಗಿದು ವರದಿ ಬಂದ ದಿನ ತಂದೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮಗ ಒಬ್ಬನೇ ಒಳಹೋಗಿ ‘ಅಪ್ಪಾಜಿಗೆ ಹೇಳಬೇಡಿ ಡಾಕ್ಟ್ರೇ, ಗಾಬರಿಯಾಗ್ತಾರೆ’ ಎಂದು ಕೈಮುಗಿಯುವುದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಿಂದ ಬರುವ ಕುಟುಂಬಗಳಿಗೆ ಹೊಸತೇನಲ್ಲ. ಆದರೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯನ್ನು ಹೆಸರಿಸುವ ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ’ ಎಂಬ ಒಂದು ಮಾತು ಸಾಕು, ತಂದೆಗೆ ಎಲ್ಲವೂ ತಿಳಿದುಹೋಗುತ್ತದೆ. ಆಮೇಲೆ ಮಗ ತಂದೆಗೋಸ್ಕರ, ತಂದೆ ಮಗನಿಗೋಸ್ಕರ ಏನೂ ಗೊತ್ತಿಲ್ಲದವರಂತೆ ನಡೆದುಕೊಳ್ಳುತ್ತಾರೆ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗಳಲ್ಲಿ ಸಾಧಕರು ಹುಡುಕಿದ ಏಕಾಂತ ಅವರು ತಾವಾಗಿ ಬಯಸಿ ಪಡೆದದ್ದು. ಪ್ರೀತಿಯ ಹೆಸರಿನಲ್ಲಿ ರೋಗಿಯ ಸುತ್ತ ಕಟ್ಟುವ ಈ ಏಕಾಂತ ಅವನು ಬಯಸದೆ ಅವನ ಮೇಲೆ ಬಿದ್ದದ್ದು.

ಕರ್ನಾಟಕದಲ್ಲಿ ಈ ಮೌನದ ಗೋಡೆಯನ್ನು ತಟ್ಟಿದ ಕೆಲಸ ನಡೆದದ್ದು ಬೆಂಗಳೂರಿನ ಹೊಸೂರು ರಸ್ತೆಯ ಆಸುಪಾಸಿನಲ್ಲಿ. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಕಿದ್ವಾಯಿ ಸಂಸ್ಥೆಯೂ, ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಕೂಡಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯೂ ನೆರೆಹೊರೆಯವು. ಈ ನೆರೆತನ ಬರಿಯ ವಿಳಾಸವಾಗಿ ಉಳಿಯದೆ, ನಿಮ್ಹಾನ್ಸ್‌ನ ಮನೋವೈದ್ಯರಾದ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮೊದಲಾದವರು ಕ್ಯಾನ್ಸರ್ ರೋಗಿಗಳ ಚಿಂತೆಗಳನ್ನು ಕೇಳಿ ದಾಖಲಿಸುವುದಕ್ಕೆ ದಾರಿಯಾಯಿತು. ಜೀವನದ ಗುಣಮಟ್ಟವೆಂದರೆ ಭಾರತೀಯರಿಗೆ ಏನು ಎಂದು ಚತುರ್ವೇದಿ ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನಶ್ಶಾಂತಿ, ಸಂಸಾರದ ನೆಮ್ಮದಿ ಮತ್ತು ಆಧ್ಯಾತ್ಮಿಕ ತೃಪ್ತಿಗಳಿಗೆ ದೇಹದ ಕಸುವಿಗಿಂತ ಹೆಚ್ಚಿನ ಬೆಲೆ ಸಿಕ್ಕಿತ್ತು. ಆಸ್ಪತ್ರೆಗಳು ರಕ್ತದ ಅಂಕಿಗಳ ಜೊತೆಗೆ ಮನಸ್ಸಿನ ನೆಮ್ಮದಿಯನ್ನೂ ಕೇಳಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಕ್ಯಾನ್ಸರ್ ರೋಗಿಯ ಮನೋವೇದನೆಯನ್ನು ಅಳೆಯಲು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ‘ಸಂಕಟಮಾಪಕ’ವನ್ನು ಮೊದಲು ಪರೀಕ್ಷಿಸಿದ್ದು ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರ ಮೇಲೆಯೇ. ಜ್ವರಮಾಪಕದ ಚಿತ್ರ ಬರೆದು, ಕಳೆದ ವಾರ ಮನಸ್ಸಿಗಾದ ಸಂಕಟ 0ಯಿಂದ 10ರವರೆಗೆ ಎಷ್ಟು ಎಂದು ಗುರುತು ಹಾಕಿಸುವ ಈ ಸರಳ ಸಾಧನವನ್ನು ನ್ಯೂಯಾರ್ಕಿನ ಆಂಡ್ರ್ಯೂ ರಾತ್, ಜಿಮ್ಮಿ ಹಾಲೆಂಡ್ ಮೊದಲಾದವರು 1998ರಲ್ಲಿ ಪ್ರಕಟಿಸಿದರು. ಖಿನ್ನತೆ ಎಂದರೆ ಮುಖ ತಿರುಗಿಸುವ ಹಿರಿಯನೂ ನೋವಿಗೆ ಅಂಕ ಕೊಡುವಂತೆ ಸಂಕಟಕ್ಕೂ ಅಂಕ ಕೊಡಬಲ್ಲನೆಂಬುದು ಅದರ ಹಿಂದಿನ ತಿಳಿವಳಿಕೆ. 4 ಅಥವಾ ಹೆಚ್ಚು ಗುರುತಿಸಿದವರನ್ನು ಮತ್ತಷ್ಟು ವಿಚಾರಿಸುವುದು ಈಗಿನ ರೂಢಿ. ಇದು ಚಿಕಿತ್ಸೆಯ ಕೊನೆಗೆ ಕೇಳುವ ಪ್ರಶ್ನೆಯಲ್ಲ, ಏಕೆಂದರೆ ಅಮೆರಿಕದ ದಾಖಲೆಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವು ರೋಗ ತಿಳಿದ ಮೊದಲ ತಿಂಗಳುಗಳಲ್ಲಿಯೇ ಹೃದ್ರೋಗದ ಸಾವು ಮತ್ತು ಆತ್ಮಹತ್ಯೆಯ ಅಪಾಯ ಏರುವುದನ್ನು ಕಂಡಿತ್ತು.

ಸಂಕಟಮಾಪಕ ಬಂದ ಕಾಲದ ಆಸುಪಾಸಿನಲ್ಲಿಯೇ ರೋಗದ ಮುಖವೂ ಬದಲಾಯಿತು. ಪ್ರಾಸ್ಟೇಟ್ ಸ್ರವಿಸುವ ಪ್ರೋಟೀನಿನ ಮಟ್ಟವನ್ನು ರಕ್ತದಲ್ಲಿ ಅಳೆಯುವ ಪಿಎಸ್‌ಎ ಪರೀಕ್ಷೆಗೆ ಅಮೆರಿಕದಲ್ಲಿ ಚಿಕಿತ್ಸೆಯ ಮೇಲ್ವಿಚಾರಣೆಗೆಂದು 1986ರಲ್ಲಿಯೂ ರೋಗಪತ್ತೆಗೆ ನೆರವಾಗಲೆಂದು 1994ರಲ್ಲಿಯೂ ಒಪ್ಪಿಗೆ ದೊರೆಯಿತು. ರೋಗ ಬೇಗ ಸಿಕ್ಕತೊಡಗಿತು, ಜೊತೆಗೆ ಪ್ರತಿ ವರದಿಯ ಮುನ್ನಾದಿನ ನಿದ್ದೆಗೆಡಿಸುವ ಹೊಸ ಬಗೆಯ ಆತಂಕವೂ ಹುಟ್ಟಿತು. ಗ್ರಂಥಿಯಾಚೆ ಹರಡದ ರೋಗವಿದ್ದ 1,643 ಬ್ರಿಟಿಷ್ ಗಂಡಸರನ್ನು ನಿಗಾ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆ ಎಂಬ ಮೂರು ಗುಂಪುಗಳಾಗಿ ಸುಮಾರು 15 ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಯಾವ ಗುಂಪಿನಲ್ಲಿಯೂ ಶೇ 3ರ ಆಸುಪಾಸು. ತಡವಾಗಿ, ಮೂಳೆಗೆ ಹರಡಿದ ಮೇಲೆ ಆಸ್ಪತ್ರೆಗೆ ಬಂದವರಿಗೆ ಈ ಅಂಕಿ ಅನ್ವಯಿಸುವುದಿಲ್ಲ, ಮತ್ತು ನಮ್ಮ ಜಿಲ್ಲೆಗಳಲ್ಲಿ ಹಾಗೆ ಬರುವವರು ಕಡಿಮೆಯೇನಲ್ಲ. ಆದರೆ ಬೇಗ ಪತ್ತೆಯಾದವನಿಗೆ ಯೋಚಿಸಲು, ಎರಡನೆಯ ವೈದ್ಯರನ್ನು ಕೇಳಲು, ಹೆಂಡತಿಯೊಡನೆ ಕುಳಿತು ಮಾತಾಡಲು ವಾರಗಳ ಬಿಡುವುಂಟು ಎಂಬುದು ಸಿದ್ಧಪಟ್ಟ ಸಂಗತಿ. ರೋಗದ ಹೆಸರನ್ನೇ ಮುಚ್ಚಿಟ್ಟರೆ ಈ ಬಿಡುವು ಅವನ ಪಾಲಿಗೆ ಇಲ್ಲವಾಗುತ್ತದೆ.

ಚಂದ್ರವಳ್ಳಿಯ ಕೆರೆಯ ಬದಿಯಲ್ಲಿ ಬೆಳಗಿನ ಹೊತ್ತು ನಡೆದಾಡುವ ಹಿರಿಯರು ಸಕ್ಕರೆ, ರಕ್ತದೊತ್ತಡ, ಮಂಡಿನೋವುಗಳನ್ನು ಸಂಕೋಚವಿಲ್ಲದೆ ಮಾತಾಡಿಕೊಳ್ಳುವಂತೆ ಈ ಕಾಯಿಲೆಯನ್ನೂ ಮಾತಾಡಿಕೊಳ್ಳಬೇಕು; ವರದಿ ಕೈಗೆ ಬಂದ ದಿನ ಮಕ್ಕಳು ತಂದೆಯನ್ನು ಹೊರಗಿನ ಬೆಂಚಿನಲ್ಲಿ ಬಿಡದೆ ಒಳಗೆ ಕರೆದೊಯ್ಯಬೇಕು. ಊರಿನಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾಗದವರಿಗೆ, ಅವರ ಮನೆಯವರಿಗೂ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಆಪ್ತಸಲಹೆ ಉಚಿತವಾಗಿ ಸಿಗುತ್ತದೆ. ಅದರ ಸಂಖ್ಯೆ 14416.