ಡೆನ್ಮಾರ್ಕಿನ ಎರಡು ಕೈ

ಪೀಣ್ಯದಲ್ಲಿ ಅಚ್ಚು, ಡೈ, ಮೋಲ್ಡ್ ಮಾಡುವವರನ್ನು ಕೆಲಸ ಎಲ್ಲಿ ಕಲಿತಿರಿ ಎಂದು ವಿಚಾರಿಸಿದರೆ ಎರಡು ಹೆಸರು ಹೆಚ್ಚಾಗಿ ಕೇಳಿಬರುತ್ತವೆ: ಜಿಟಿಟಿಸಿ ಮತ್ತು ಎನ್‌ಟಿಟಿಎಫ್. ಮೊದಲನೆಯದು ರಾಜ್ಯ ಸರ್ಕಾರದ್ದು, ಎರಡನೆಯದು ಖಾಸಗಿ ಪ್ರತಿಷ್ಠಾನ. ಎರಡರ ಬುಡದಲ್ಲೂ ಯುರೋಪಿನ ಒಂದೊಂದು ಸಣ್ಣ ದೇಶದ ದುಡ್ಡಿದೆ. ಆ ದುಡ್ಡು ಹೇಗೆ ಬಂತು, ಯಾಕೆ ನಿಂತಿತು, ಈಗ ಯಾವ ದಾರಿಯಲ್ಲಿ ಬರುತ್ತಿದೆ ಎಂಬುದು ಬೆಂಗಳೂರಿನ ಹೊರವಲಯದ ಕೈಗಾರಿಕಾ ಚರಿತ್ರೆಯಲ್ಲಿ ಬಿಟ್ಟುಹೋದ ಪುಟ.

ಸ್ವಿಟ್ಜರ್ಲೆಂಡ್ ಮೊದಲು ಬಂದದ್ದು ವ್ಯಾಪಾರಕ್ಕೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದಾಗ ತಾಂತ್ರಿಕ ಜೊತೆಗಾರ ಸ್ವಿಸ್ ಕಂಪನಿ ಓರ್ಲಿಕಾನ್. ನೆರವು ಎನ್ನಬಹುದಾದದ್ದು ಬಂದದ್ದು ಬೇರೆ ಬಾಗಿಲಿನಿಂದ: ಸ್ವಿಸ್ ಪ್ರಾಟೆಸ್ಟಂಟ್ ಚರ್ಚುಗಳ ಸೇವಾಸಂಸ್ಥೆ ಹೆಕ್ಸ್, 1959ರಲ್ಲಿ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ತಾಂತ್ರಿಕ ಶಾಲೆ ತೆರೆಯಿತು. ಎನ್‌ಟಿಟಿಎಫ್ ಹೆಸರಿನ ಮೊದಲಕ್ಷರ ಆ ನೆಟ್ಟೂರಿನದೇ. ಶಾಲೆ ಆಮೇಲೆ ಕೆಲಸ ಇದ್ದ ಕಡೆಗೆ, ಅಂದರೆ ಪೀಣ್ಯಕ್ಕೆ ಮತ್ತು ಎಲೆಕ್ಟ್ರಾನಿಕ್ ಸಿಟಿಗೆ ಬಂತು. ತುಮಕೂರು ರಸ್ತೆಯ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐಗೆ 1962ರಲ್ಲಿ ಆಗಿನ ಜೆಕೊಸ್ಲೊವಾಕಿಯಾ ಕೈಜೋಡಿಸಿತು.

ಡೆನ್ಮಾರ್ಕಿನ ಕತೆ ಇವೆಲ್ಲಕ್ಕಿಂತ ರಸವತ್ತಾದದ್ದು. ಅದೇ ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ತಿರುಗಿ ಹೆಸರಘಟ್ಟಕ್ಕೆ ಹೋದರೆ ಜಾನುವಾರು ವೀರ್ಯ ಸಂಗ್ರಹಿಸುವ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. 1969ರಲ್ಲಿ ಅದು ಡೇನಿಶ್ ನೆರವಿನಿಂದ ಹುಟ್ಟಿತು. ರೆಡ್ ಡೇನ್ ಎಂಬ ಕೆಂಪು ತಳಿಯ ದನಗಳೂ ಆ ಯೋಜನೆಯ ಹೆಸರಲ್ಲಿ ಬಂದವು. ಮೂರು ವರ್ಷದ ನಂತರ, 1972ರಲ್ಲಿ, ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಡೆನ್ಮಾರ್ಕ್ ಸರ್ಕಾರದ ಜೊತೆಗಿನ ಒಪ್ಪಂದದ ಮೇಲೆ ತೆರೆಯಿತು.

ಟೂಲ್ ರೂಮನ್ನೇ ಯಾಕೆ ಆರಿಸಿಕೊಂಡರು ಎಂಬುದರಲ್ಲಿ ಈ ನೆರವಿನ ಜಾಣ್ಮೆಯೆಲ್ಲ ಇದೆ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ನಂಥ ದೊಡ್ಡವರಿಗೆ ಸ್ವಂತ ಟೂಲ್ ರೂಮ್ ಇತ್ತು. ನಾಲ್ಕು ಪ್ರೆಸ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಸಣ್ಣ ಮಾಲೀಕನಿಗೆ ಒಂದು ಜಿಗ್ ಬೋರಿಂಗ್ ಯಂತ್ರದ ಬೆಲೆಯೇ ಇಡೀ ಕಾರ್ಖಾನೆಗಿಂತ ಹೆಚ್ಚು. ಡೈ ಕೂದಲೆಳೆಯಷ್ಟು ತಪ್ಪಿದರೂ ಅದರಿಂದ ಹೊಡೆದ ಸಾವಿರ ತುಂಡುಗಳು ಗುಜರಿಗೆ. ಆದ್ದರಿಂದ ಎಲ್ಲರಿಗೂ ಸೇರಿ ಒಂದು ಟೂಲ್ ರೂಮ್. ಅಲ್ಲಿಗೇ ಹೊರಗಿನ ಆರ್ಡರ್, ಅಲ್ಲಿಯೇ ಹುಡುಗರಿಗೆ ಪಾಠ. ವಿದ್ಯಾರ್ಥಿ ಮಾಡುವುದು ಪರೀಕ್ಷೆಯ ತುಂಡಲ್ಲ, ಗಿರಾಕಿ ಹಣ ಕೊಟ್ಟು ಒಯ್ಯುವ ಅಚ್ಚು. ಇದರಿಂದ ಸಂಸ್ಥೆಗೆ ಸ್ವಂತ ಆದಾಯ ಬಂತು, ಅನುದಾನದ ದಾರಿ ಕಾಯುವ ಪಾಡು ಕಡಿಮೆಯಾಯಿತು. ಮೈಸೂರಿನ ಎರಡನೇ ಕೇಂದ್ರಕ್ಕೂ ಡೆನ್ಮಾರ್ಕ್ ಕೈ ಹಾಕಿತು. ಉಳಿದವನ್ನು ರಾಜ್ಯವೇ ಕಟ್ಟಿಕೊಂಡಿತು. ಇಂದು ಕೇಂದ್ರಗಳು ಮೂವತ್ತಕ್ಕೂ ಹೆಚ್ಚು.

ಹಾಗೆಂದು ಅದನ್ನು ದಾನ ಎಂದು ಕೊಂಡಾಡಬೇಕಿಲ್ಲ. ಆ ಕಾಲದ ಡೇನಿಶ್ ಸರ್ಕಾರಿ ಸಾಲಗಳಿಗೆ ಡೆನ್ಮಾರ್ಕಿನ ಸರಕನ್ನೇ ಕೊಳ್ಳಬೇಕೆಂಬ ಷರತ್ತಿರುತ್ತಿತ್ತು. ಕೊಡುವವರಿಗೂ ಲಾಭ ಇತ್ತು, ಅದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ.

ಡೆನ್ಮಾರ್ಕಿನ ಇನ್ನೊಂದು ಕೈಯನ್ನೂ ನೋಡಬೇಕು. ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡಬೇಕೆಂದು 1970ರಲ್ಲಿ ವಿಶ್ವಸಂಸ್ಥೆ ಗುರಿ ಹಾಕಿತು. ಹೆಚ್ಚಿನವರು ಇವತ್ತಿಗೂ ಮುಟ್ಟಿಲ್ಲ. ಡೆನ್ಮಾರ್ಕ್ 1978ರಿಂದ ತಪ್ಪಿಸಿಲ್ಲ. ಅದೇ ದೇಶ ಯುರೋಪಿಯನ್ ಒಕ್ಕೂಟದ ಸಾಮಾನ್ಯ ಬೊಕ್ಕಸಕ್ಕೆ ಪಾಲು ಹಾಕುವಾಗ ಕೈ ಬಿಗಿಹಿಡಿಯುತ್ತಿತ್ತು. 2020ರಲ್ಲಿ, 2021–27ರ ಸುಮಾರು 1.07 ಲಕ್ಷ ಕೋಟಿ ಯುರೋ ಬಜೆಟ್ ಚರ್ಚೆಯಲ್ಲಿ ಆಸ್ಟ್ರಿಯಾ, ನೆದರ್‌ಲ್ಯಾಂಡ್ಸ್, ಸ್ವೀಡನ್ ಜೊತೆ ‘ಮಿತವ್ಯಯಿ ನಾಲ್ವರ’ ಗುಂಪಿನಲ್ಲಿ ಕೂತು, ವರ್ಷಕ್ಕೆ 37.7 ಕೋಟಿ ಯುರೋ ರಿಯಾಯಿತಿ ಪಡೆದುಕೊಂಡಿತು. 2025ರಲ್ಲಿ, ರಕ್ಷಣೆಯ ಆತಂಕ ಹೆಚ್ಚಾದ ಮೇಲೆ, ಆ ಗುಂಪು ನಮ್ಮ ಜಾಗವಲ್ಲ ಎಂದು ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ ಎದ್ದು ಬಂದರು.

ಇದನ್ನು ಆಷಾಢಭೂತಿತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ವಂತ ಕೈಯಿಂದ ಕೊಟ್ಟದ್ದರ ಲೆಕ್ಕ ಸಿಗುತ್ತದೆ, ಒಂದು ಟೂಲ್ ರೂಮ್ ಎಂದು ಬೆರಳು ಮಾಡಿ ತೋರಿಸಬಹುದು. ಎಲ್ಲರ ಬೊಕ್ಕಸಕ್ಕೆ ಬಿದ್ದದ್ದರಲ್ಲಿ ತನ್ನ ಪಾಲು ಎಲ್ಲಿ ಹೋಯಿತೆಂದು ಸಣ್ಣ ದೇಶಕ್ಕೆ ಗೊತ್ತಾಗುವುದೇ ಇಲ್ಲ.

ಆದರೆ ಬೆಂಗಳೂರಿನ ಮಟ್ಟಿಗೆ ಸ್ವಂತ ಕೈಯ ದಾರಿಯನ್ನು ಮುಚ್ಚಿದವರು ನಾವೇ. 1998ರ ಅಣುಪರೀಕ್ಷೆಯ ನಂತರ ಡೆನ್ಮಾರ್ಕ್ ನೆರವು ತಡೆಹಿಡಿದಿತ್ತು. 2003ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವ ಜಸ್ವಂತ್ ಸಿಂಗ್, ಸಣ್ಣ ಮೊತ್ತ ಕೊಡುವ ದೇಶಗಳಿಗೆ ವಂದನೆ ಹೇಳಿ ಬೀಳ್ಕೊಡುವ ಮಾತಾಡಿದರು. ಉಳಿದದ್ದು ಅಮೆರಿಕ, ಜಪಾನ್, ಬ್ರಿಟನ್, ಜರ್ಮನಿ, ರಷ್ಯಾ ಮತ್ತು ಯುರೋಪಿಯನ್ ಒಕ್ಕೂಟ. ಮುಂದಿನ ವರ್ಷ ಸರ್ಕಾರ ಬದಲಾಗಿ ನಿಯಮ ಸಡಿಲಾಯಿತಾದರೂ, ಯುರೋಪಿನ ಸಣ್ಣ ದೇಶಗಳು ವರ್ಷಕ್ಕೆ ಕನಿಷ್ಠ 2.5 ಕೋಟಿ ಡಾಲರ್ ಕೊಡಬೇಕೆಂಬ ಮಿತಿ ಬಂತು. ಲೆಕ್ಕಕ್ಕಿಂತ ಅದು ಸ್ವಾಭಿಮಾನದ ತೀರ್ಮಾನ. ಜಿಟಿಟಿಸಿಗೆ ಏನೂ ಆಗಲಿಲ್ಲ, ಅಷ್ಟು ಹೊತ್ತಿಗೆ ಅದು ತನ್ನ ಅನ್ನ ತಾನೇ ದುಡಿಯುತ್ತಿತ್ತು.

ಅಲ್ಲಿಂದ ಮುಂದೆ ಸಣ್ಣ ದೇಶಗಳು ನಮ್ಮೂರಿಗೆ ಬರುವುದು ಬಹುಮಟ್ಟಿಗೆ ದೊಡ್ಡ ಗುಂಪಿನೊಳಗೆ ಸೇರಿ. 2017ರಲ್ಲಿ ನಮ್ಮ ಮೆಟ್ರೊದ ಕಾಳೇನ ಅಗ್ರಹಾರ–ನಾಗವಾರ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಒಟ್ಟು 50 ಕೋಟಿ ಯುರೋ ಸಾಲ ಒಪ್ಪಿತು. ಲಕ್ಸೆಂಬರ್ಗಿನಲ್ಲಿರುವ ಆ ಬ್ಯಾಂಕಿಗೆ ಬಂಡವಾಳ ಹಾಕಿದವರು ಒಕ್ಕೂಟದ ಎಲ್ಲ ಸದಸ್ಯರು, ಡೆನ್ಮಾರ್ಕ್ ಕೂಡ. ಬೀಜಿಂಗಿನ ಏಷ್ಯನ್ ಮೂಲಸೌಕರ್ಯ ಬ್ಯಾಂಕ್ 33.5 ಕೋಟಿ ಡಾಲರ್ ಸೇರಿಸಿತು. ಸುರಂಗ ಕೊರೆಯಲು ಇಂಥ ಮೊತ್ತವೇ ಬೇಕು, ನಿಜ.

ಹಣ ಕೂಡಿಸುವ ಪಾಠ ಊರೊಳಗೂ ನಡೆದಿದೆ. 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ‘ಎಲ್ಸಿಟಾ’ ಎಂಬ ಕೈಗಾರಿಕಾ ನಗರ ಪ್ರಾಧಿಕಾರ ಬಂತು. ಕಂಪನಿಗಳ ಆಸ್ತಿ ತೆರಿಗೆಯನ್ನು ಅದೇ ವಸೂಲಿ ಮಾಡಿ ರಸ್ತೆ, ದೀಪಗಳಿಗೆ ಖರ್ಚು ಮಾಡುತ್ತದೆ. ಆವರಣದ ಗಡಿ ದಾಟಿದ ತಕ್ಷಣ ರಸ್ತೆ ಬದಲಾಗುವುದನ್ನು ದೊಡ್ಡತೋಗೂರಿನ ಕಡೆ ನಡೆದವರೆಲ್ಲ ಬಲ್ಲರು. ಯಾರ ತೆರಿಗೆ ಎಲ್ಲಿ ಖರ್ಚಾಗಬೇಕೆಂಬ ಯುರೋಪಿಯನ್ ಒಕ್ಕೂಟದ ಜಗಳ ಇಲ್ಲೂ ಇದೆ, ಸೂಟು ಬೂಟು ಇಲ್ಲ ಅಷ್ಟೆ.

ಸಿಂಗಪುರದ ಬಗೆಯೇ ಬೇರೆ. ವೈಟ್‌ಫೀಲ್ಡಿನ ಐಟಿಪಿಎಲ್‌ಗೆ 1994ರಲ್ಲಿ ಅದು ಟಾಟಾ ಮತ್ತು ರಾಜ್ಯ ಸರ್ಕಾರದ ಜೊತೆ ಪಾಲುದಾರನಾಗಿ ಬಂತು. ಕೊಡುಗೆಯ ಮಾತೇ ಇರಲಿಲ್ಲ, ಬಾಡಿಗೆಯ ಮಾತು ಇತ್ತು. ಡೆನ್ಮಾರ್ಕ್ ಕೂಡ ಅದೇ ವೈಟ್‌ಫೀಲ್ಡಿಗೆ ಆಮೇಲೆ ಕಂಪನಿಯಾಗಿ ಬಂದಿದೆ: ಇಪಿಐಪಿ ಬಡಾವಣೆಯಲ್ಲಿ ಕಿಣ್ವ ತಯಾರಿಸುವ ನೊವೊಜೈಮ್ಸ್, 2024ರಿಂದ ನೊವೊನೆಸಿಸ್.

ಈ ನಡುವೆ ಕೊಡುವವರ ಸಾಲಿನಲ್ಲಿ ಬೆಂಗಳೂರೂ ಸೇರಿಕೊಂಡಿತು. ವಿಮಾನಪುರದ ಎಚ್‌ಎಎಲ್ ಕಟ್ಟಿದ ಧ್ರುವ್ ಹೆಲಿಕಾಪ್ಟರುಗಳನ್ನು ಭಾರತ ಮಾಲ್ಡೀವ್ಸ್‌ಗೆ ಕೊಟ್ಟಿತು, ನಡೆಸಲು ಸೈನಿಕರನ್ನೂ ಕಳಿಸಿತು. 2023ರಲ್ಲಿ ಮೊಹಮದ್ ಮುಯಿಝ್ಝು ಭಾರತೀಯ ಸೈನಿಕರು ಹೊರಡಲಿ ಎಂದೇ ಅಲ್ಲಿನ ಅಧ್ಯಕ್ಷ ಚುನಾವಣೆ ಗೆದ್ದರು. 2024ರ ಮೇ ತಿಂಗಳ ಹೊತ್ತಿಗೆ ಸೈನಿಕರು ವಾಪಸಾಗಿ, ಅವರ ಜಾಗಕ್ಕೆ ಭಾರತದ ಸಿವಿಲ್ ತಂತ್ರಜ್ಞರು ಹೋದರು. ಹೆಲಿಕಾಪ್ಟರುಗಳು ಅಲ್ಲೇ ಇವೆ.